ಬರೆದಿಟ್ಟರೆ ಉಳಿಯುವ ದಿನ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ 'ಇತಿಹಾಸದಲ್ಲಿ ಈ ದಿನ' ಎಂದು ನಾಲ್ಕೈದು ಸಾಲು ಬರುತ್ತದಲ್ಲ, ಅದನ್ನು ಓದುವ ಚಟ ನನಗೆ ಬಹಳ ಹಳೆಯದು. ಯಾವ ರಾಜ ಎಂದು ಪಟ್ಟವೇರಿದ, ಯಾವ ಯುದ್ಧ ಎಂದು ನಿಂತಿತು, ಯಾವ ಮಹನೀಯರು ಎಂದು ಹುಟ್ಟಿದರು ಎಂಬ ಪಟ್ಟಿ ಅದು. ಓದುತ್ತ ಓದುತ್ತ ಒಂದು ಸಂಶಯ ಬಂತು. ಈ ದಿನಗಳಲ್ಲಿ ಹೆಂಗಸರು ಹುಟ್ಟಲೇ ಇಲ್ಲವೆ? ಹುಟ್ಟಿದವರು ಏನೂ ಮಾಡಲೇ ಇಲ್ಲವೆ?

ಡಿಸೆಂಬರ್ 10ರ ಪಟ್ಟಿ ಮಾತ್ರ ಬೇರೆ ತರಹ. ಕರ್ನಾಟಕದ ಏಕೀಕರಣಕ್ಕೆ ದುಡಿದು, 1956ರಲ್ಲಿ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಈ ದಿನ. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್ ತೀರಿಕೊಂಡದ್ದು 1896ರ ಈ ದಿನ. ಆತನ ಹೆಸರಿನ ಬಹುಮಾನಗಳನ್ನು ಕೊಡುವುದೂ ಇದೇ ತಾರೀಖಿಗೆ. ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿದ್ದು 1948ರ ಡಿಸೆಂಬರ್ 10ರಂದು. ಇವುಗಳ ನಡುವೆ ಹೆಂಗಸರ ಹೆಸರುಗಳು ಒಂದಲ್ಲ, ಹತ್ತಾರು ಸಿಗುತ್ತವೆ. ಆದರೆ ಒಂದೊಂದು ಹೆಸರೂ ಈ ಪಟ್ಟಿಗೆ ಹೇಗೆ ಬಂತು ಎಂದು ನೋಡಿದರೆ, ಸಲೀಸಾಗಿ ಬಂದದ್ದು ಬಹಳ ಕಡಿಮೆ.

ಮೇರಿ ಕ್ಯೂರಿಯನ್ನೇ ನೋಡಿ. 1903ರ ಭೌತವಿಜ್ಞಾನದ ನೊಬೆಲ್‌ಗೆ ಫ್ರಾನ್ಸಿನ ವಿಜ್ಞಾನಿಗಳು ಕಳಿಸಿದ ಶಿಫಾರಸಿನಲ್ಲಿ ಇದ್ದದ್ದು ಬೆಕೆರೆಲ್ ಮತ್ತು ಆಕೆಯ ಗಂಡ ಪಿಯರ್ ಕ್ಯೂರಿ, ಇಬ್ಬರೇ. ಹಗಲಿರುಳು ಅದಿರು ಕುದಿಸಿ, ಕಲಕಿ, ಸೋಸಿದವಳ ಹೆಸರೇ ಇಲ್ಲ! ಸ್ವೀಡನ್ನಿನ ಗಣಿತಜ್ಞ ಮಿಟಾಗ್ ಲೆಫ್ಲರ್ ಗುಟ್ಟಾಗಿ ಪಿಯರ್‌ಗೆ ವಿಷಯ ತಿಳಿಸಿದರು. ಆತ ತನ್ನ ಹೆಂಡತಿಯನ್ನೂ ಪರಿಗಣಿಸಬೇಕೆಂದು ಬರೆದ. ಹಾಗಾಗಿ ಹೆಸರು ಸೇರಿತು. ಆ ಒಂದು ಕಾಗದ ಹೋಗದೆ ಇದ್ದಿದ್ದರೆ?

ಎಂಟು ವರ್ಷದ ಮೇಲೆ, 1911ರಲ್ಲಿ, ಆಕೆಗೆ ಎರಡನೆಯ ನೊಬೆಲ್ ಬಂತು, ಈ ಸಲ ರಸಾಯನ ವಿಜ್ಞಾನಕ್ಕೆ. ಪಿಯರ್ ಗಾಡಿಗೆ ಸಿಕ್ಕಿ ಸತ್ತು ಆಗಲೇ ಐದು ವರ್ಷವಾಗಿತ್ತು. ಆಕೆಯ ಖಾಸಗಿ ಬದುಕಿನ ಬಗ್ಗೆ ಪ್ಯಾರಿಸ್ಸಿನ ಪತ್ರಿಕೆಗಳು ಬಾಯಿಗೆ ಬಂದಂತೆ ಬರೆಯುತ್ತಿದ್ದವು. ಸಮಾರಂಭಕ್ಕೆ ಬರದಿದ್ದರೇ ಒಳ್ಳೆಯದು ಎಂದು ನೊಬೆಲ್ ಸಮಿತಿಯ ವಿಜ್ಞಾನಿಯೊಬ್ಬರು ಕಾಗದ ಬರೆದರು. ಬಹುಮಾನ ಕೊಟ್ಟಿರುವುದು ನನ್ನ ಕೆಲಸಕ್ಕೆ, ನನ್ನ ಸ್ವಂತ ಬದುಕಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಅರ್ಥದ ಉತ್ತರ ಬರೆದು ಆಕೆ ಹೊರಟೇಬಿಟ್ಟಳು. ಡಿಸೆಂಬರ್ 10ರಂದು ಸ್ಟಾಕ್‌ಹೋಮಿನಲ್ಲಿ ನಿಂತು ಬಹುಮಾನ ತೆಗೆದುಕೊಂಡಳು. ಜೊತೆಗೆ ಬಂದಿದ್ದ ಮಗಳು ಐರೀನ್ 1935ರಲ್ಲಿ ತಾನೂ ನೊಬೆಲ್ ಪಡೆದಳು.

ಇದೇ ದಿನ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳ ಕತೆಯೂ ಇಂಥದ್ದೇ. ಒಬ್ಬಳು 1815ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಏಡಾ ಲವ್‌ಲೇಸ್, ಕವಿ ಬೈರನ್ನನ ಮಗಳು. ಹುಟ್ಟಿದ ತಿಂಗಳೊಪ್ಪತ್ತಿಗೆ ತಂದೆತಾಯಿ ಬೇರೆಯಾದರು. ತಾಯಿ ಹಟ ಹಿಡಿದು ಮಗಳಿಗೆ ಗಣಿತ ಕಲಿಸಿದಳು. ಚಾರ್ಲ್ಸ್ ಬ್ಯಾಬೇಜ್ ಮನಸ್ಸಿನಲ್ಲೇ ಕಟ್ಟಿದ್ದ ಲೆಕ್ಕದ ಯಂತ್ರದ ಬಗ್ಗೆ ಬಂದಿದ್ದ ಲೇಖನವೊಂದನ್ನು 1843ರಲ್ಲಿ ಏಡಾ ಇಂಗ್ಲಿಷಿಗೆ ತಂದಳು. ಮೂಲಕ್ಕಿಂತ ಎಷ್ಟೋ ಪಟ್ಟು ಉದ್ದದ ಟಿಪ್ಪಣಿ ತಾನೇ ಬರೆದು ಸೇರಿಸಿದಳು. ಇಂದಿನ ಕಂಪ್ಯೂಟರ್ ಪ್ರೋಗ್ರಾಮಿನ ಮೂಲ ಅದರಲ್ಲಿದೆ ಎನ್ನುತ್ತಾರೆ. ಆದರೆ ಟಿಪ್ಪಣಿಯ ಕೆಳಗೆ ಹೆಸರಿಲ್ಲ, ಮೂರೇ ಅಕ್ಷರ: ಎ. ಎ. ಎಲ್.

ಇನ್ನೊಬ್ಬಳು 1830ರಲ್ಲಿ ಅಮೆರಿಕದ ಆಮ್‌ಹರ್ಸ್ಟ್ ಊರಿನಲ್ಲಿ ಹುಟ್ಟಿದ ಎಮಿಲಿ ಡಿಕಿನ್ಸನ್. ಮನೆಯಿಂದಾಚೆ ಹೋಗುವುದನ್ನೇ ಬಿಟ್ಟು, ಸುಮಾರು 1,800 ಕವಿತೆ ಬರೆದವಳು. ಹಾಳೆಗಳನ್ನು ತಾನೇ ಸೂಜಿದಾರದಲ್ಲಿ ಹೊಲಿದು ಪುಸ್ತಕ ಮಾಡಿ ಇಟ್ಟುಕೊಂಡಿದ್ದಳು. ಬದುಕಿದ್ದಾಗ ಅಚ್ಚಾದದ್ದು ಬೆರಳೆಣಿಕೆಯಷ್ಟು, ಅದೂ ಹೆಸರಿಲ್ಲದೆ. 1886ರಲ್ಲಿ ಆಕೆ ತೀರಿಕೊಂಡ ಮೇಲೆ ತಂಗಿ ಲವಿನಿಯಾ ಅಕ್ಕನಿಗೆ ಬಂದಿದ್ದ ಕಾಗದಗಳನ್ನು ಸುಟ್ಟಳು. ಕವಿತೆಗಳನ್ನು ಸುಡಲಿಲ್ಲ. ಅಚ್ಚು ಹಾಕಿಸಲೇಬೇಕೆಂದು ಪಟ್ಟು ಹಿಡಿದಳು. ಆ ತಂಗಿಗೆ ನಾವು ಕೈಮುಗಿಯಬೇಕು.

ನಮ್ಮ ಬೆಂಗಳೂರಿಗೂ ಈ ದಿನದ ನಂಟಿದೆ. ಸಿ.ವಿ. ರಾಮನ್ ಅವರು ನೊಬೆಲ್ ಸ್ವೀಕರಿಸಿದ್ದು 1930ರ ಡಿಸೆಂಬರ್ 10ರಂದು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. 1933ರಲ್ಲಿ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ಹುಡುಗಿ ಅಲ್ಲಿ ಸಂಶೋಧನೆ ಮಾಡಲು ಅರ್ಜಿ ಹಾಕಿದಳು. ಹೆಣ್ಣೆಂಬ ಕಾರಣಕ್ಕೆ ರಾಮನ್ ಬೇಡವೆಂದರು. ಹುಡುಗಿ ಹಿಂದಕ್ಕೆ ಹೋಗಲಿಲ್ಲ. ಕೊನೆಗೆ ಮೊದಲ ವರ್ಷ ಪರೀಕ್ಷಾರ್ಥ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ನೋಡಿದ ಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಕಮಲಾ ಮುಂದೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯಾದ ಮೇಲೆ ಕಮಲಾ ಸೊಹೊನಿ ಎಂದು ಹೆಸರಾದರು.

ಇಷ್ಟೆಲ್ಲ ಓದುವಾಗ ನನಗೆ ನಮ್ಮಜ್ಜಿಯ ನೆನಪಾಗುತ್ತದೆ. ಹುಟ್ಟಿದ ದಿನ ಯಾವುದಜ್ಜೀ ಎಂದು ಕೇಳಿದರೆ, "ಊರಿಗೆಲ್ಲ ದೊಡ್ಡ ಜ್ವರ ಬಂದ ವರ್ಷ ಕಣೇ, ರಾಗಿ ಕೊಯ್ಲಿನ ಹೊತ್ತು" ಎನ್ನುತ್ತಿದ್ದಳು. ಅಜ್ಜಿಯ ಅಣ್ಣನ ಜಾತಕ ಗಳಿಗೆ ಸಮೇತ ಪೆಟ್ಟಿಗೆಯಲ್ಲಿತ್ತು. ಅಜ್ಜಿಯದು ಯಾರೂ ಬರೆಸಿರಲಿಲ್ಲ. ದೊಡ್ಡ ಜ್ವರ ಎಂದರೆ 1918ರ ಇನ್‌ಫ್ಲುಯೆಂಜಾ. ರಾಗಿ ಕೊಯ್ಲು ಎಂದರೆ ನವೆಂಬರ್, ಡಿಸೆಂಬರ್. ಡಿಸೆಂಬರ್ ಹತ್ತೇ ಆಗಿದ್ದರೂ ಆಗಿರಬಹುದು, ಹೇಳುವವರು ಯಾರು? ಅಮ್ಮನಿಗೆ ಶಾಲೆಯ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ನಿಮ್ಮ ಮನೆಯಲ್ಲೂ ಜೂನ್ ಒಂದಕ್ಕೆ ಹುಟ್ಟಿದವರು ಇಬ್ಬರು ಮೂವರಾದರೂ ಇದ್ದಾರಲ್ಲವೆ? ಜನನ ಮರಣ ನೋಂದಣಿಯ ಕಾನೂನು ದೇಶಕ್ಕೆಲ್ಲ ಒಂದೇ ಎಂದು ಬಂದದ್ದೇ 1969ರಲ್ಲಿ.

ಬರೆಯದೆ ಹೋದರೆ ಏನಾಗುತ್ತದೆ ಎಂದು ಚೆನ್ನಾಗಿ ಬಲ್ಲವರೊಬ್ಬರು ಈ ದಿನದ ಪಟ್ಟಿಯಲ್ಲೇ ಇದ್ದಾರೆ. ಅವರು ಹಂಸಾ ಮೆಹ್ತಾ. ಸೂರತ್ತಿನವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ನಮ್ಮ ಸಂವಿಧಾನ ಸಭೆಯ ಸದಸ್ಯೆ. 1947ರ ಆಗಸ್ಟ್ 14ರ ನಡುರಾತ್ರಿ, ದೇಶದ ಹೆಂಗಸರ ಪರವಾಗಿ ಆ ಸಭೆಗೆ ರಾಷ್ಟ್ರಧ್ವಜವನ್ನು ಒಪ್ಪಿಸಿದವರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಆಗ ಇದ್ದ ಹೆಂಗಸರು ಇಬ್ಬರೇ: ಅಧ್ಯಕ್ಷೆ ಎಲಿನಾರ್ ರೂಸ್‌ವೆಲ್ಟ್ ಮತ್ತು ಹಂಸಾ. ಘೋಷಣೆಯ ಕರಡಿನ ಮೊದಲ ವಿಧಿಯಲ್ಲಿ, ಇಂಗ್ಲಿಷಿನ ರೂಢಿಯಂತೆ, 'ಎಲ್ಲ ಪುರುಷರು' ಎಂಬರ್ಥದ ಮಾತಿತ್ತು. ಅದರಲ್ಲಿ ಹೆಂಗಸರೂ ಸೇರಿದರು ಎಂದೇ ಲೆಕ್ಕ ಎಂದು ಎಲಿನಾರ್ ಅವರೂ ಹೇಳಿದರು. ಹಂಸಾ ಒಪ್ಪಲಿಲ್ಲ. ಹೆಂಗಸರನ್ನು ಹೊರಗಿಡಬೇಕೆನ್ನುವವರಿಗೆ ಅದೇ ಮಾತು ನೆಪವಾಗುತ್ತದೆ ಎಂದರು.

ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಮನೆಯವರೆಲ್ಲ ಊಟಕ್ಕೆ ಕೂತರು ಎಂದರೆ ಬಡಿಸುವವಳನ್ನು ಬಿಟ್ಟು ಎಂದೇ ಅರ್ಥವಲ್ಲವೆ? 'ಎಲ್ಲ' ಎಂಬ ಮಾತಿನೊಳಗೆ ನಾವಿದ್ದೇವೋ ಇಲ್ಲವೋ ಎಂದು ಕೇಳಿಯೇ ತಿಳಿದುಕೊಳ್ಳಬೇಕು.

ಕೊನೆಗೆ ಆ ಪದ ಬದಲಾಯಿತು. 'ಎಲ್ಲ ಮಾನವರು' ಎಂಬರ್ಥದ ಮಾತು ಬಂತು. ಪ್ಯಾರಿಸ್ಸಿನಲ್ಲಿ 1948ರ ಡಿಸೆಂಬರ್ 10ರಂದು 48 ದೇಶಗಳು ಪರವಾಗಿ ಮತ ಹಾಕಿದವು. ವಿರುದ್ಧ ಒಂದೂ ಇಲ್ಲ, ಎಂಟು ತಟಸ್ಥ. ಮೂವತ್ತು ವಿಧಿಗಳ ಆ ಘೋಷಣೆಯ ಬಾಗಿಲಲ್ಲೇ ನಮ್ಮ ದೇಶದ ಹೆಣ್ಣುಮಗಳೊಬ್ಬಳು ಪಟ್ಟು ಹಿಡಿದು ತಂದ ಪದ ಕೂತಿದೆ. ನಮ್ಮಲ್ಲಿ ಎಷ್ಟು ಮಂದಿಗೆ ಆಕೆಯ ಹೆಸರು ಗೊತ್ತು?

ಪದ ಬದಲಾದ ಮಾತ್ರಕ್ಕೆ ಬದುಕು ಬದಲಾಗಿಬಿಟ್ಟಿತೆಂದಲ್ಲ. 2014ರ ಇದೇ ದಿನ ಶಾಂತಿ ನೊಬೆಲ್ ಪಡೆದ ಪಾಕಿಸ್ತಾನದ ಮಲಾಲಾಗೆ ಹದಿನೇಳು ವರ್ಷ. ಹುಡುಗಿಯರೂ ಓದಬೇಕು ಎಂದದ್ದಕ್ಕೆ ಗುಂಡೇಟು ತಿಂದವಳು. 2023ರ ಇದೇ ದಿನ ಇರಾನಿನ ನರ್ಗೆಸ್ ಮೊಹಮ್ಮದಿ ಜೈಲಿನಲ್ಲಿದ್ದರು. ಅವರ ಅವಳಿ ಮಕ್ಕಳು ಓಸ್ಲೋದಲ್ಲಿ ಅಮ್ಮನ ಬಹುಮಾನ ತೆಗೆದುಕೊಂಡರು. ವೇದಿಕೆಯ ಮೇಲೆ ಅಮ್ಮನ ಕುರ್ಚಿ ಖಾಲಿ ಇತ್ತು. ಆದರೂ ಹೆಸರು ದಾಖಲಾಯಿತು, ಜೈಲಿನ ಗೋಡೆ ಅದನ್ನು ತಡೆಯಲಾಗಲಿಲ್ಲ.

ಗಂಡನ ಒಂದು ಕಾಗದ, ತಾಯಿಯ ಹಟ, ತಂಗಿಯ ಪಟ್ಟು, ಸಭೆಯಲ್ಲಿ ಬಿಡದೆ ಆಡಿದ ಒಂದು ಮಾತು: ಇಷ್ಟರಿಂದಲೇ ಈ ಹೆಸರುಗಳು ಉಳಿದವು. ನಿಮ್ಮ ತಾಯಿಯೋ ಅತ್ತೆಯೋ ಅಜ್ಜಿಯೋ ಇನ್ನೂ ಇದ್ದರೆ, ಬಿಡುವಾದಾಗ ಪಕ್ಕದಲ್ಲಿ ಕೂತು ಕೇಳಿ. ಹುಟ್ಟಿದ್ದು ಯಾವ ಮಳೆಯಲ್ಲಿ, ಶಾಲೆ ಬಿಟ್ಟದ್ದು ಯಾವಾಗ, ಏನಾಗಬೇಕೆಂದು ಆಸೆಯಿತ್ತು ಎಂದು. ಕೇಳಿ ಸುಮ್ಮನಾಗಬೇಡಿ, ಅವರ ಪೂರ್ತಿ ಹೆಸರಿನ ಕೆಳಗೆ ಬರೆದಿಡಿ.