ಹಟ್ಟಿ, ಕಾವಲು, ತಾಂಡಾ: ದುರ್ಗದ ಸೀಮೆಯ ಸಮೂಹವಾಚಕಗಳು

ಒಂದೇ ಬಗೆಯ ಹಲವು ಜೀವಿಗಳನ್ನೋ ವಸ್ತುಗಳನ್ನೋ ಒಟ್ಟಾಗಿ ಸೂಚಿಸುವ ಪದವನ್ನು ಸಮೂಹವಾಚಕವೆನ್ನುತ್ತಾರೆ; ದನಕ್ಕೆ ಹಿಂಡು, ಕುರಿಗೆ ಮಂದೆ, ಹುಲ್ಲಿಗೆ ಬಣವೆ, ಸೌದೆಗೆ ಹೊರೆ, ವೀಳ್ಯದೆಲೆಗೆ ಕಟ್ಟು ಎಂಬಿವು ಕನ್ನಡದಲ್ಲಿ ಎಲ್ಲೆಡೆಯೂ ಕೇಳಿಬರುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲುಸೀಮೆಯಲ್ಲಿ ಇಂಥ ಕೆಲವು ಪದಗಳು ದನಕುರಿಗಳ ಬೆನ್ನುಹತ್ತಿ ಬಂದು ಊರುಗಳ ಹೆಸರಾಗಿ ನೆಲೆಯೂರಿರುವುದರಿಂದ, ಅಲ್ಲಿನ ಪಶುಪಾಲಕರ ಚರಿತ್ರೆಯನ್ನು ಅವುಗಳ ಮೂಲಕವೇ ಓದಬಹುದಾಗಿದೆ.

ಹಟ್ಟಿಯೆಂದರೆ ಮೂಲತಃ ದನ ಕಟ್ಟುವ ಜಾಗ. ದನವಿದ್ದಲ್ಲೇ ದನ ಕಾಯುವವರೂ ಇರಬೇಕಾದುದರಿಂದ ಅವರ ವಸತಿಗೂ ಅದೇ ಹೆಸರಾಯಿತು. ಕಾಡುಗೊಲ್ಲರು ಮುಖ್ಯ ಊರಿನಿಂದ ದೂರದಲ್ಲಿ ಮುಳ್ಳುಬೇಲಿ ಹಾಕಿಕೊಂಡು ಗುಡಿಸಲು ಕಟ್ಟಿ, ಆಡುಕುರಿಗಳನ್ನು ರೊಪ್ಪವೆಂಬ ಆವರಣದಲ್ಲಿ ಕೂಡುತ್ತಿದ್ದರು. ಒಬ್ಬ ಮೂಲಪುರುಷನಿಂದ ಬಂದವರೆಂದು ನಂಬುವ, ತಮ್ಮೊಳಗೆ ಹೆಣ್ಣು ಕೊಟ್ಟು ತರದ ಬಳಗಕ್ಕೆ ಬೆಡಗು ಎಂದೂ, ಹಲವು ಹಟ್ಟಿಗಳ ನ್ಯಾಯ ತೀರ್ಮಾನಿಸುವ ಕೂಟಕ್ಕೆ ಕಟ್ಟೆಮನೆ ಎಂದೂ ಹೆಸರು. ಮ್ಯಾಸಬೇಡರಲ್ಲಿಯೂ ಈ ಏರ್ಪಾಡಿದ್ದು, ಅವರು ನೊಗಕ್ಕೆ ಹೂಡದೆ ದೇವರಿಗೆ ಬಿಟ್ಟ ರಾಸುಗಳ ಹಿಂಡಿಗೆ ‘ದೇವರ ಎತ್ತುಗಳು’ ಎಂದೂ, ಅದನ್ನು ಕಾಯುವವನಿಗೆ ಕಿಲಾರಿ ಎಂದೂ ಕರೆಯುತ್ತಾರೆ. ಹಟ್ಟಿಯ ಒಗ್ಗಟ್ಟನ್ನು ಹೊಗಳುವವರು ಮರೆಯುವ ಸಂಗತಿಯೊಂದಿದೆ: ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಅದೇ ಬೇಲಿಯ ಹೊರಗಿನ ಗುಡಿಸಲಿಗೆ ಕಳುಹಿಸುವ ರೂಢಿ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಹುಕಾಲ ನಡೆದುಬಂದಿತು.

ಅರಸರ ಹಿಂಡುಗಳ ಕಥೆ ಬೇರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಮೈಸೂರಿನ ಪಶುಶಾಲೆಗೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಅದರ ರಾಸುಗಳು ಸೈನ್ಯದ ಫಿರಂಗಿ ಮತ್ತು ಸಾಮಗ್ರಿಗಳನ್ನು ಎಳೆಯುತ್ತಿದ್ದವು. ಅವುಗಳಿಗೆ ಮೀಸಲಿಟ್ಟ ಹುಲ್ಲುಗಾವಲೇ ಕಾವಲು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆ ಕಾವಲುಗಳಿದ್ದವು. 1779ರಲ್ಲಿ ಹೈದರಾಲಿಯು ಪಾಳೆಯಗಾರ ಮದಕರಿನಾಯಕನಿಂದ ಚಿತ್ರದುರ್ಗದ ಕೋಟೆಯನ್ನು ಗೆದ್ದ ಮೇಲೆ ದುರ್ಗದ ಸೀಮೆಯೂ ಮೈಸೂರಿನ ಆಳ್ವಿಕೆಗೆ ಸೇರಿದ್ದರಿಂದ ಕಾವಲು ಎಂಬ ಹೆಸರು ಇಲ್ಲಿಯೂ ನೆಲೆಯೂರಿತು.

ಲಂಬಾಣಿಗರ ತಾಂಡಾ ಹಟ್ಟಿಗೆ ತಿರುವುಮುರುವು. ಹಟ್ಟಿಯು ನಿಂತ ನೆಲದಿಂದ ಹುಟ್ಟಿದ ಹೆಸರಾದರೆ, ತಾಂಡಾ ಎಂಬುದು ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ಸಾಗುತ್ತಿದ್ದ ಎತ್ತುಗಳ ಮತ್ತು ಕುಟುಂಬಗಳ ದಂಡಿಗೆ ಇದ್ದ ಹೆಸರು. 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರಲ್ಲಿ ಇವರೂ ಇದ್ದರು. ರಸ್ತೆ, ರೈಲುಗಳು ಹೇರಿನ ವ್ಯಾಪಾರವನ್ನು ಕಸಿದುಕೊಂಡ ಮೇಲೆ ಅವರು ಅಲ್ಲಲ್ಲಿ ನೆಲೆನಿಂತರು. ಹೊಳಲ್ಕೆರೆ, ಹೊಸದುರ್ಗಗಳ ಕಡೆ ಸಂಚಾರದ ಹೆಸರು ವಸತಿಗೆ ಅಂಟಿಕೊಂಡಿತು.

ಇಂಥ ಎಷ್ಟೋ ವಸತಿಗಳು ಕಂದಾಯ ದಾಖಲೆಯಲ್ಲಿ ಸ್ವತಂತ್ರ ಗ್ರಾಮಗಳೆನಿಸದೆ ಇದ್ದುದರಿಂದ ಅಲ್ಲಿನವರಿಗೆ ತಾವಿದ್ದ ಮನೆಯ ಹಕ್ಕುಪತ್ರವೂ ಸಿಕ್ಕಿರಲಿಲ್ಲ. ಗೊಲ್ಲರಹಟ್ಟಿ, ಕುರುಬರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯಗಳಂಥ ವಸತಿಗಳನ್ನು ಹೆಸರಿಸಿ ಅಲ್ಲಿನ ನಿವಾಸಿಗಳಿಗೆ ಆ ಹಕ್ಕು ದೊರಕಿಸುವ ತಿದ್ದುಪಡಿಯು ಕರ್ನಾಟಕ ಭೂಸುಧಾರಣಾ ಕಾಯಿದೆಗೆ ಬಂದದ್ದು 2016ರ ಮಸೂದೆಯ ಮೂಲಕ.