ಪ್ರಾಚೀನ ಮಡಕೆಗಳ ಮೂರು ಆಯಾಮದ ಪ್ರತಿಕೃತಿಗಳು: ಸಾರ್ವಜನಿಕರ ಮಾಹಿತಿಗಾಗಿ

ಪುರಾತತ್ತ್ವ ಉತ್ಖನನಗಳಲ್ಲಿ ಅತಿ ಹೆಚ್ಚಾಗಿ ದೊರೆಯುವುದು ಮಡಕೆಯ ಚೂರುಗಳು. ಶಾಸನ, ನಾಣ್ಯಗಳು ದೊರೆಯದ ಪದರಗಳಲ್ಲಿ ಕಾಲನಿರ್ಣಯಕ್ಕೆ ಇವು ಮುಖ್ಯ ಆಧಾರ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಸರ್ ಮಾರ್ಟಿಮರ್ ವ್ಹೀಲರ್ ಅವರು ನವಶಿಲಾಯುಗ, ಬೃಹತ್ ಶಿಲಾಯುಗ ಹಾಗೂ ಆರಂಭಿಕ ಇತಿಹಾಸ ಕಾಲದ ಪದರಗಳನ್ನು ಗುರುತಿಸಿದರು. ಪುದುಚೇರಿ ಸಮೀಪದ ಅರಿಕಮೇಡುವಿನಲ್ಲಿ 1945ರಲ್ಲಿ ದೊರೆತ ಮಡಕೆಗಳೊಡನೆ ಹೋಲಿಸಿ ಇವುಗಳ ಕಾಲವನ್ನು ಅಂದಾಜಿಸಲಾಯಿತು.

ಮೂಲ ಮಡಕೆಗಳನ್ನು ಗಾಜಿನ ಕಪಾಟಿನಲ್ಲಿ ಇರಿಸುವುದು ಅನಿವಾರ್ಯ. ಆದರೆ ಇದರಿಂದ ಸ್ಪರ್ಶದ ಮೂಲಕವೇ ಅರಿಯುವ ದೃಷ್ಟಿ ವಿಕಲಚೇತನರು ವಂಚಿತರಾಗುತ್ತಾರೆ. ವಿಕಲಚೇತನರಿಗೆ ಕಲೆಯು ಎಟಕುವಂತೆ ಮಾಡುವುದನ್ನು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 29 ಸರ್ಕಾರದ ಕರ್ತವ್ಯಗಳಲ್ಲಿ ಸೇರಿಸಿದೆ. ಮುದ್ರಿತ ಪ್ರತಿಕೃತಿಯು ಇದಕ್ಕೊಂದು ಮಾರ್ಗ.

ತಯಾರಿಸುವ ವಿಧಾನ

1. ಅಳತೆಪಟ್ಟಿಯೊಡನೆ ಮಡಕೆಯನ್ನಿರಿಸಿ, ಸುತ್ತಲಿನಿಂದ ಒಂದರ ಮೇಲೊಂದು ಭಾಗಶಃ ವ್ಯಾಪಿಸುವಂತೆ ಅನೇಕ ಛಾಯಾಚಿತ್ರಗಳನ್ನು ತೆಗೆಯಲಾಗುವುದು; ಅಥವಾ ಲೇಸರ್ ಸ್ಕ್ಯಾನರ್ ಬಳಸಲಾಗುವುದು.
2. ಗಣಕಯಂತ್ರದ ತಂತ್ರಾಂಶವು ಇವುಗಳಿಂದ ಮೂರು ಆಯಾಮದ ಮಾದರಿಯನ್ನು ರಚಿಸುತ್ತದೆ.
3. ಚಕ್ರದ ಮೇಲೆ ತಯಾರಾದ ಮಡಕೆಯು ಸುತ್ತಲೂ ಸಮರೂಪವಾಗಿರುವುದರಿಂದ, ಬಾಯಂಚಿನ ಚೂರಿನ ಬಾಗುವಿಕೆಯಿಂದ ಬಾಯಿಯ ವ್ಯಾಸವನ್ನು ಲೆಕ್ಕ ಹಾಕಬಹುದು. ಊಹೆಯಿಂದ ತುಂಬಿದ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸುವುದು ಸೂಕ್ತ.
4. ಮುದ್ರಣ ಯಂತ್ರವು ಪ್ಲಾಸ್ಟಿಕ್ ಮುಂತಾದ ವಸ್ತುವನ್ನು ಪದರ ಪದರವಾಗಿ ಪೇರಿಸಿ ಪ್ರತಿಕೃತಿಯನ್ನು ಸಿದ್ಧಪಡಿಸುತ್ತದೆ.

ಮಿತಿಗಳು

ಪ್ರತಿಕೃತಿಯು ಆಕಾರವನ್ನು ತಿಳಿಸುತ್ತದೆಯೇ ಹೊರತು ಮಣ್ಣಿನ ತೂಕ, ತಂಪು, ನಾದಗಳನ್ನಲ್ಲ. ಬೃಹತ್ ಶಿಲಾ ಸಮಾಧಿಗಳ ಕಪ್ಪು-ಕೆಂಪು ಮಡಕೆಯ ಹೊಳಪು ಮೈಯನ್ನು ಸ್ಕ್ಯಾನ್ ಮಾಡುವಾಗ ದೋಷಗಳು ಉಂಟಾಗಬಹುದು. ಮಣ್ಣಿನ ಮೂಲ, ಸುಟ್ಟ ಕಾಲ, ಒಳಗೆ ಉಳಿದ ಆಹಾರದ ಅಂಶ ಇವುಗಳನ್ನು ಮೂಲ ಚೂರಿನಿಂದ ಮಾತ್ರ ಪರೀಕ್ಷಿಸಲು ಸಾಧ್ಯ. ಆದುದರಿಂದ ಪ್ರತಿಕೃತಿಯು ಮೂಲಕ್ಕೆ ಪರ್ಯಾಯವಲ್ಲ. ಮೂಲವನ್ನು ಸವೆತದಿಂದ ಉಳಿಸುವ ಸಾಧನ.

ಸಾರ್ವಜನಿಕರ ಗಮನಕ್ಕೆ

1. ಶಾಲೆಗಳು ಹಾಗೂ ಸಂಘ ಸಂಸ್ಥೆಗಳು ಮಡಕೆಗಳ ಛಾಯಾಚಿತ್ರ ಅಥವಾ ಸ್ಕ್ಯಾನಿಂಗ್ ಬಯಸಿದಲ್ಲಿ, ಉದ್ದೇಶ ಮತ್ತು ವಸ್ತುವಿನ ವಿವರಗಳೊಂದಿಗೆ ಸಂಬಂಧಪಟ್ಟ ಸಂಗ್ರಹಾಲಯದ ಮುಖ್ಯಸ್ಥರಿಂದ ಲಿಖಿತ ಅನುಮತಿಯನ್ನು ಮುಂಚಿತವಾಗಿ ಕೋರತಕ್ಕದ್ದು.
2. ಪ್ರತಿಯೊಂದು ಪ್ರತಿಕೃತಿಯ ಮೇಲೆ "ಪ್ರತಿಕೃತಿ" ಎಂದು ಅಳಿಸಲಾಗದಂತೆ ನಮೂದಿಸುವುದು ಒಳಿತು. ಬ್ರೈಲ್ ವಿವರಣೆಯನ್ನೂ ಜೊತೆಗಿರಿಸಬಹುದು.
3. ಹೊಲ, ಕೆರೆಯಂಗಳಗಳಲ್ಲಿ ಪ್ರಾಚೀನ ಚೂರುಗಳು ಕಂಡುಬಂದಲ್ಲಿ ಅವನ್ನು ಅಲ್ಲಿಂದ ತೆಗೆಯದೆ, ಸ್ಥಳವನ್ನು ಗುರುತಿಸಿ ತಹಶೀಲ್ದಾರರಿಗೆ ಅಥವಾ ಪುರಾತತ್ತ್ವ ಇಲಾಖೆಗೆ ತಿಳಿಸಬೇಕಾಗಿ ಕೋರಿದೆ. ಆಕಾರವನ್ನು ಮತ್ತೆ ಮುದ್ರಿಸಬಹುದು. ದೊರೆತ ಪದರದ ಸಾಕ್ಷ್ಯ ಒಮ್ಮೆ ನಾಶವಾದರೆ ಮರಳಿ ಪಡೆಯಲಾಗದು.