ಮಿದುಳಿನ ರಾತ್ರಿಪಾಳಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಊರಿನಿಂದ ಜತೆಗೇ ತಂದ ನಾವು ಮಹಾನಗರದಲ್ಲಿ ಮೊದಲು ಕಳೆದುಕೊಂಡದ್ದು ನಿದ್ದೆಯನ್ನೇ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಮುಂಬಯಿಯ ಹಿರಿಯರನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಅವರು ತೆತ್ತ ಬೆಲೆ ಬರಿಯ ವಿಶ್ರಾಂತಿಯದೇ? ನಿದ್ರೆಯ ಸಂಶೋಧನೆಯ ಇತಿಹಾಸವನ್ನು ನೋಡಿದರೆ ಹಾಗೆನ್ನುವಂತಿಲ್ಲ.

1894ರಲ್ಲಿ ರಷ್ಯದ ವಿಜ್ಞಾನಿ ಮರಿಯಾ ಮನಸೇಯಿನಾ ಎಂಬಾಕೆ ನಾಯಿಮರಿಗಳನ್ನು ಸತತವಾಗಿ ಎಚ್ಚರವಿಟ್ಟು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಮರಿಗಳು ಕೆಲವೇ ದಿನಗಳಲ್ಲಿ ಸತ್ತುಹೋದವು. ಹೆಚ್ಚಿನ ಹಾನಿ ಕಂಡದ್ದು ಮಿದುಳಿನಲ್ಲಿ. ಅನಂತರ ಜಪಾನಿನ ಇಶಿಮೋರಿ, ಫ್ರಾನ್ಸಿನ ಪಿಯೆರಾನ್ ಇಬ್ಬರೂ ಬೇರೆಬೇರೆಯಾಗಿ, ನಿದ್ದೆಗೆಟ್ಟ ನಾಯಿಯ ಮಿದುಳಿನ ಅಂಶವನ್ನು ಇನ್ನೊಂದು ನಾಯಿಗೆ ಸೇರಿಸಿದರೆ ಅದಕ್ಕೂ ನಿದ್ದೆ ಬರುವುದನ್ನು ತೋರಿಸಿದರು. ಎಚ್ಚರದ ಹೊತ್ತಿನಲ್ಲಿ ಮಿದುಳಿನೊಳಗೆ ಏನೋ ಕೂಡಿಕೊಳ್ಳುತ್ತದೆ ಎಂಬ ವಿಚಾರ ಹೀಗೆ ಬಲಗೊಂಡಿತು.

ಆದರೂ ನಿದ್ದೆಯೆಂದರೆ ಮಿದುಳು ದೀಪವಾರಿಸಿ ಮಲಗುವುದೆಂಬ ಕಲ್ಪನೆ ಬಹುಕಾಲ ಉಳಿಯಿತು. 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ಮಲಗಿದವರ ಕಣ್ಣಾಲಿಗಳು ಆಗಾಗ ವೇಗವಾಗಿ ಚಲಿಸುವುದನ್ನು ವರದಿ ಮಾಡಿದರು. ಆ ಹೊತ್ತಿನಲ್ಲಿ ಮಿದುಳು ಚುರುಕಾಗಿಯೇ ಇರುತ್ತಿತ್ತು. ಹಾಗಾದರೆ ಅದು ಮಾಡುತ್ತಿದ್ದ ಕೆಲಸವೇನು?

ಉತ್ತರಕ್ಕೆ ವಂಶವಾಹಿಗಳವರೆಗೆ ಇಳಿಯಬೇಕಾಯಿತು. 1971ರಲ್ಲಿ ಕೊನೋಪ್ಕ ಮತ್ತು ಬೆನ್‌ಝರ್, ಹಣ್ಣಿನ ನೊಣದ ದಿನಚರಿಯನ್ನು ಆಳುವ ಒಂದು ವಂಶವಾಹಿಯನ್ನು ಗುರುತಿಸಿದರು. ಈ ಒಳಗಡಿಯಾರದ ಯಂತ್ರವನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಷ್ ಮತ್ತು ಯಂಗ್ 2017ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಯಾವಾಗ ಮಲಗಬೇಕೆಂಬುದನ್ನು ಗಡಿಯಾರ ಹೇಳೀತು. ಮಲಗಿದ ಮೇಲೆ ಆಗುವುದೇನೆಂಬುದು ಬೇರೆ ಪ್ರಶ್ನೆ.

ಪ್ರತಿಯೊಂದು ಜೀವಕೋಶದಲ್ಲೂ ಸಾವಿರಾರು ವಂಶವಾಹಿಗಳಿದ್ದರೂ ಎಲ್ಲವೂ ಏಕಕಾಲದಲ್ಲಿ ದುಡಿಯುವುದಿಲ್ಲ. ಹೋಟೆಲಿನ ಅಡುಗೆಮನೆಯನ್ನೇ ನೆನೆಯಿರಿ: ಗಿರಾಕಿಗಳಿರುವಾಗ ದೋಸೆ ಹುಯ್ಯುವವನ ಕೈ ಬಿಡುವಿಲ್ಲದೆ ಆಡುತ್ತದೆ, ಬಾಗಿಲು ಹಾಕಿದ ಮೇಲೆ ಪಾತ್ರೆ ತಿಕ್ಕುವ, ನಾಳೆಗೆ ಹಿಟ್ಟು ರುಬ್ಬುವ ಕೆಲಸ. ಮಿದುಳಿನ ವ್ಯವಸ್ಥೆಯೂ ಹೆಚ್ಚುಕಡಿಮೆ ಇದೇ ಎಂಬುದು 2004ರಲ್ಲಿ ಚಿಯಾರಾ ಚಿರೆಲ್ಲಿ, ಜೂಲಿಯೋ ಟೊನೋನಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನದಿಂದ ಕಂಡುಬಂತು. ಮಿದುಳಿನ ಹೊರಪದರದಲ್ಲಿ ಅವರು ಪರೀಕ್ಷಿಸಿದ ವಂಶವಾಹಿಗಳಲ್ಲಿ ಸುಮಾರು ಶೇ. 5ರಷ್ಟರ ಚಟುವಟಿಕೆ, ಹಗಲೋ ಇರುಳೋ ಎನ್ನದೆ, ನಿದ್ದೆ-ಎಚ್ಚರಗಳನ್ನು ಅನುಸರಿಸಿ ಏರಿಳಿಯುತ್ತಿತ್ತು. ಎಚ್ಚರದಲ್ಲಿ ಶಕ್ತಿಯ ಬಳಕೆ, ಹೊಸದನ್ನು ಗ್ರಹಿಸುವುದು ಇವುಗಳಿಗೆ ಸಂಬಂಧಿಸಿದವು ಮುಂದಾಗುತ್ತಿದ್ದವು. ನಿದ್ದೆಯಲ್ಲಿ ಚುರುಕಾಗುವ ಸುಮಾರು 100 ವಂಶವಾಹಿಗಳಾದರೋ ಪ್ರೋಟೀನುಗಳ ತಯಾರಿಕೆ, ಜೀವಕೋಶದ ಪೊರೆಗಳ ದುರಸ್ತಿ, ನರಕೋಶಗಳ ಸಂಪರ್ಕದ ಹೊಂದಾಣಿಕೆ ಇವುಗಳಿಗೆ ಸೇರಿದವು. ನಿದ್ದೆ ಕೆಟ್ಟರೆ ಈ ರಾತ್ರಿಪಾಳಿಗೆ ಅಡಚಣೆ ಬಾರದಿರುವುದೆಂತು?

ಬದುಕಿರುವ ಮನುಷ್ಯನ ಮಿದುಳನ್ನು ಹೀಗೆ ಬಗೆದು ನೋಡುವಂತಿಲ್ಲ. ಆದರೆ 2013ರಲ್ಲಿ ಇಂಗ್ಲೆಂಡಿನ ಸರ್‍ರೆ ವಿಶ್ವವಿದ್ಯಾಲಯದವರು 26 ಮಂದಿಯ ರಕ್ತವನ್ನು ಪರೀಕ್ಷಿಸಿದರು. ದಿನಕ್ಕೆ ಆರು ಗಂಟೆಗೂ ಕಡಿಮೆ ನಿದ್ದೆಯಲ್ಲಿ ಒಂದೇ ವಾರ ಕಳೆದಾಗ 711 ವಂಶವಾಹಿಗಳ ಚಟುವಟಿಕೆ ಬದಲಾಗಿತ್ತು.

ದೂರದ ಉಪನಗರದಿಂದ ಬೆಳಗಿನ ಲೋಕಲ್ ಹಿಡಿಯುವವರಿಗೆ, ಪಾಳಿಯ ಮೇಲೆ ದುಡಿಯುವವರಿಗೆ ಎಂಟು ಗಂಟೆ ಮಲಗಿರೆಂದು ಉಪದೇಶಿಸುವುದು ಸುಲಭ, ಪಾಲಿಸುವುದು ಕಷ್ಟ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ಎಬ್ಬಿಸಿ ಕೂರಿಸುವುದನ್ನಾದರೂ ನಾವು ಬಿಡಬಹುದು. ಹಿರಿಯರು ನಿದ್ದೆಗೆಟ್ಟದ್ದು ಬಡತನದ ಒತ್ತಾಯದಿಂದ. ಅವರ ಛಲ ನಮಗೆ ಆದರ್ಶವಾಗಲಿ, ಅವರ ಕೊರತೆಯನ್ನೇ ಮಕ್ಕಳಿಗೆ ಸದ್ಗುಣವೆಂದು ಬೋಧಿಸುವುದು ಬೇಡ.